ಒಂದು ಕೆಮ್ಮು ಸಾಕು

"ಮಗಳು ಇನ್ನಾ ಕಲಿಯಾಕ ಹತ್ಯಾಳ್ರಿ. ತಪ್ಪ ಆಗೈತಿ."

ಮುರುಗೆಪ್ಪ ಇಷ್ಟು ಹೇಳಿ, ಕೈ ಒರೆಸಿಕೊಂಡು, ನೀರು ಕುಡಿಯಲು ಒಳಗೆ ಹೋಗಿಬಿಟ್ಟ. ಹೇಳಿದ್ದು ಗಿರಾಕಿ ರಘುರಾಮನಿಗೆ. ಅದು ಹೋಗಿ ಚುಚ್ಚಿದ್ದು ಮೂರು ಹೆಜ್ಜೆ ಆಚೆ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ ಮಗಳು ಶಿವರಂಜನಿಯನ್ನು. ಅವಳಿಗೆ ಮೂವತ್ತೆಂಟು ವರ್ಷ. ಅದರಲ್ಲಿ ಹದಿನಾರು ವರ್ಷ ನುಂಗಂಬಾಕ್ಕಂನ ಈ ಶೆಡ್ಡಿನಲ್ಲಿ, ಈ ಅಪ್ಪನ ಪಕ್ಕದಲ್ಲಿ, ಉಗುರಿನ ಸಂದಿಯ ಗ್ರೀಸು ಹೋಗದಂತೆ ದುಡಿದವಳು. ಹದಿನಾರು ವರ್ಷ ಕಲಿಯುವುದಕ್ಕೆ ಅವಳೇನು ಹೃದಯ ಕೊಯ್ಯುವ ಡಾಕ್ಟರಿಕೆ ಓದುತ್ತಿದ್ದಳೇ?

ಮೈಯೆಲ್ಲ ಉರಿದುಹೋಯಿತು. ಆದರೆ ಗಿರಾಕಿಯ ಮುಂದೆ ಅಪ್ಪನ ಮೇಲೆ ಹರಿಹಾಯುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಬಾನೆಟ್ಟಿನೊಳಗೇ ತಲೆ ಇಟ್ಟುಕೊಂಡಳು.

ಲಾರಿಯ ಮೇಲಿಂದ ಆಗಷ್ಟೇ ಇಳಿಸಿದ್ದ ಆ ಕಾರು ಅಂಬಾಸಿಡರ್. ರಘುರಾಮನ ತಂದೆ ಮೈಸೂರಿನಲ್ಲಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಮಗ ಅದನ್ನು ವೇಲಚೇರಿಯ ತನ್ನ ಫ್ಲ್ಯಾಟಿಗೆ ತಂದು, ಮಳೆಗಾಲದಲ್ಲಿ ನೀರು ನುಗ್ಗದ ಜಾಗ ಹುಡುಕಿ ಹುಡುಕಿ ನಿಲ್ಲಿಸಿ, ಹಸುಗೂಸಿನ ಹಾಗೆ ನೋಡಿಕೊಂಡಿದ್ದ. ಮೂರು ವಾರದ ಹಿಂದೆ ಶಿವರಂಜನಿ ಅದರ ಟ್ಯೂನಿಂಗ್ ಮಾಡಿ ಕಳಿಸಿದ್ದಳು. ಮೊನ್ನೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಯಲಗಿರಿ ಬೆಟ್ಟಕ್ಕೆ ಹೊರಟವನು ಒಂಬತ್ತನೇ ತಿರುವಿನಲ್ಲಿ ನಿಂತುಹೋದ. ಮಗಳು ವೀಕ್ಷಾ ಬಿಸಿಲಿಗೆ ಎರಡು ಸಲ ವಾಂತಿ ಮಾಡಿಕೊಂಡಳಂತೆ. ಲಾರಿ ಬರಲು ನಾಲ್ಕು ಗಂಟೆ ಹಿಡಿಯಿತಂತೆ. ರಘುರಾಮ ಕೂಗಾಡಿದ್ದರಲ್ಲಿ ತಪ್ಪಿರಲಿಲ್ಲ.

ಮೂರನೇ ಪ್ಲಗ್ ಬಿಚ್ಚಿದರೆ ಅದರ ಮೂತಿಗೆ ಕರಗಿದ ಅಲ್ಯೂಮಿನಿಯಂ ಚುಕ್ಕೆ ಚುಕ್ಕೆಯಾಗಿ ಅಂಟಿತ್ತು. ಪಿಸ್ಟನ್ನಿನ ನೆತ್ತಿ ತೂತಾಗಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಹಾಗೆ ತೂತು ಬೀಳುವುದು ಕಿಡಿ ಹೊತ್ತಿಗೆ ಮುಂಚೆ ಹಾರಿದಾಗ. ಪಿಸ್ಟನ್ ಮೇಲೇರುತ್ತಾ ತುದಿ ಮುಟ್ಟುವುದಕ್ಕೆ ತುಸು ಮೊದಲು ಕಿಡಿ ಹಾರಬೇಕು. ಆ ತುಸುವನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಜಾಸ್ತಿ ಮೊದಲಾದರೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಗೆ ಬೆಂಕಿ ಬಡಿಯುತ್ತದೆ. ಹೊರಗೆ ಕೇಳುವವರಿಗೆ ಅದು ಸಣ್ಣ ಟಿಣಿಟಿಣಿ ಸದ್ದು, ಗಾಜಿನ ಲೋಟದಲ್ಲಿ ಗುಂಡುಸೂಜಿ ಕುಲುಕಿದ ಹಾಗೆ. ನಾಕಿಂಗ್ ಅನ್ನುತ್ತಾರೆ. ಎಂಜಿನ್ನಿಗೆ ಅದು ಸುತ್ತಿಗೆ ಏಟು.

ಶಿವರಂಜನಿ ಆರು ಡಿಗ್ರಿ ಇಟ್ಟಿದ್ದಳು. ಸುಮ್ಮನೆ ಅಂದಾಜಿನಲ್ಲಲ್ಲ. ಟೈಮಿಂಗ್ ಲೈಟ್ ಹಿಡಿದು, ಪುಲ್ಲಿಯ ಮೇಲಿನ ಗೀರು ಮುಳ್ಳಿನ ಎದುರು ಕದಲದೆ ನಿಲ್ಲುವವರೆಗೆ ನೋಡಿ ಇಟ್ಟದ್ದು. ಡಿಸ್ಟ್ರಿಬ್ಯೂಟರಿನ ಪಕ್ಕಕ್ಕಿರುವ ತಗಡಿನ ಪುಟ್ಟ ಡಬ್ಬಿಯನ್ನೂ ಬದಲಿಸಿದ್ದಳು. ಅದರೊಳಗೊಂದು ರಬ್ಬರ್ ಪೊರೆ ಇರುತ್ತದೆ. ಕಾರ್ಬುರೇಟರಿನಿಂದ ಬರುವ ಸಣ್ಣ ಪೈಪು ಗಾಳಿ ಹೀರಿದಾಗ ಪೊರೆ ಎಳೆದುಕೊಂಡು ಕಿಡಿಯನ್ನು ಇನ್ನಷ್ಟು ಮುಂದಕ್ಕೆ ತರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಿಟ್ಟುಕೊಡುತ್ತದೆ. ರಘುರಾಮನ ಕಾರಿನಲ್ಲಿ ಆ ಪೊರೆ ಹರಿದು ಎಷ್ಟು ವರ್ಷವಾಗಿತ್ತೋ. ಮೈಸೂರಿನ ಮೆಕ್ಯಾನಿಕ್ಕುಗಳೆಲ್ಲ ಆ ಕೊರತೆ ತುಂಬಲು ಡಿಸ್ಟ್ರಿಬ್ಯೂಟರನ್ನೇ ಮುಂದಕ್ಕೆ ತಿರುವಿ ತಿರುವಿ ಬಿಟ್ಟಿದ್ದರು. ಅವಳು ಡಬ್ಬಿ ಹೊಸದು ಹಾಕಿ, ತಿರುವಿದ್ದನ್ನು ಹಿಂದಕ್ಕೆ ತಂದು, ಕೊನೆಗೆ, ಕಿಡಿಯ ಹೊತ್ತನ್ನು ಹಿಂದೆಮುಂದೆ ಮಾಡುವ ಅಡ್ಜಸ್ಟರ್ ನಟ್ಟಿನ ಮೇಲೆ ಕೆಂಪು ಉಗುರುಬಣ್ಣದ ಗೀರೊಂದನ್ನು ಅಡ್ಡಕ್ಕೆ ಎಳೆದಿದ್ದಳು. ಅದು ಅವಳ ರೂಢಿ. ಆ ಗೀರು ತುಂಡಾಗಿದ್ದರೆ ಯಾರೋ ನಟ್ಟು ತಿರುವಿದ್ದಾರೆ ಎಂದು ಅರ್ಥ.

ಈಗ ಗೀರು ತುಂಡಾಗಿತ್ತು. ಅರ್ಧ ಡಬ್ಬಿಯ ಮೇಲೆ, ಅರ್ಧ ನಟ್ಟಿನ ಮೇಲೆ, ಒಂದಕ್ಕೊಂದು ಸಂಬಂಧವಿಲ್ಲ. ನಟ್ಟು ಮುಂದಿನ ಕೊನೆ ಮುಟ್ಟಿ ಕೂತಿತ್ತು. ಇದನ್ನು ಹೇಳಲು ತಲೆ ಎತ್ತುವಷ್ಟರಲ್ಲಿ ಅಪ್ಪ ಆ ಮಾತು ಆಡಿ ಮುಗಿಸಿದ್ದ.

ಸಂಜೆಯೊಳಗೆ ರಘುರಾಮ ಹಳೇ ಕಾರಿನವರ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದ. ಮೇಸ್ತ್ರಿಯ ಕೈ ಚಿನ್ನ, ಅದರಲ್ಲಿ ಎರಡು ಮಾತಿಲ್ಲ; ಆದರೆ ಈಗೀಗ ಕೆಲಸವನ್ನು ಮಗಳಿಗೆ ಬಿಡುತ್ತಿದ್ದಾರೆ, ತಪ್ಪೆಂದು ಅವರೇ ಒಪ್ಪಿಕೊಂಡಿದ್ದಾರೆ, ಹುಷಾರು. ಗುಂಪಿನಲ್ಲಿ ಹದಿನೆಂಟು ಕಾರುಗಳಿದ್ದವು. ಪೊಂಗಲ್ ಹೊತ್ತಿನ ಸವಾರಿಗೆ ಮುಂಚೆ ಹದಿನೆಂಟೂ ಈ ಶೆಡ್ಡಿಗೇ ಬರುವುದು ಇಪ್ಪತ್ತು ವರ್ಷದ ವಾಡಿಕೆ. ಈ ಸಲ ಮೇಸ್ತ್ರಿ ಸ್ವತಃ ಕೈ ಹಾಕುವುದಾದರೆ ಮಾತ್ರ ತರುತ್ತೇವೆ, ಪೊಣ್ಣು ಮುಟ್ಟುವುದಾದರೆ ಬೇಡ ಎಂದು ಒಬ್ಬೊಬ್ಬರಾಗಿ ಬರೆದರು. ಮುರುಗೆಪ್ಪ ಎಲ್ಲರಿಗೂ ಮೇಸ್ತ್ರಿ. ಅವಳು ಹದಿನಾರು ವರ್ಷದಿಂದ ಮೇಸ್ತ್ರಿ ಪೊಣ್ಣು, ಮೇಸ್ತ್ರಿಯ ಹುಡುಗಿ. ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದರೂ ಪೊಣ್ಣು.

ಆ ಗುಂಪು ಕೈಬಿಟ್ಟರೆ ಅವಳಿಗೆ ಈ ಊರಲ್ಲಿ ಬೇರೆ ಕೆಲಸವೇ ಇರಲಿಲ್ಲ. ಕಂಪ್ಯೂಟರ್ ಜೋಡಿಸಿ ರಿಪೇರಿ ಮಾಡುವ ಹೊಸ ಕಾರುಗಳನ್ನು ಅವಳು ಕಲಿತೂ ಇರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಹೆಸರೊಂದೇ ಬಂಡವಾಳ, ಅದನ್ನು ಹೆತ್ತಪ್ಪನೇ ನೀರು ಕುಡಿಯಲು ಹೋಗುವ ದಾರಿಯಲ್ಲಿ ಬಿಸಾಕಿ ಹೋಗಿದ್ದ.

ಅದಕ್ಕೂ ಮೊದಲು, ರಘುರಾಮ ಹೋದ ಕೂಡಲೇ ಅವಳು ಅಪ್ಪನನ್ನು ಕರೆದು ತುಂಡಾದ ಗೀರು ತೋರಿಸಿದ್ದಳು. ಮುರುಗೆಪ್ಪ ಬಗ್ಗಿ ನೋಡಿ, ಗಿರಾಕಿಯೇ ಕೈ ಹಾಕಿರಬೇಕು, ಇವರಿಗೆಲ್ಲ ವಿಡಿಯೋ ನೋಡಿ ಮೆಕ್ಯಾನಿಕ್ ಆಗುವ ಚಟ ಎಂದ. ಹಾಗಿದ್ದರೆ ಅವನ ಮುಂದೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಗಿರಾಕಿಯೊಡನೆ ಜಗಳ ಯಾಕೆ ಎಂದ. ಮಗಳೊಡನೆ ಆದರೆ ಪರವಾಗಿಲ್ಲವೇನು ಎಂದು ಅವಳು ಕೇಳಿದಳು. ಅವನು ಮನೆಗೆ ಹೊರಟ. ಕೇಳಿಸಿಕೊಳ್ಳದವನಂತೆ ಹೋಗುವುದು ಈಚೆಗೆ ಅವನಿಗೆ ಅಭ್ಯಾಸವೇ ಆಗಿಬಿಟ್ಟಿತ್ತು.

ರಘುರಾಮ ಸ್ಪ್ಯಾನರ್ ಹಿಡಿಯುವ ಪೈಕಿ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಬಾನೆಟ್ ತೆರೆಯಲು ಇನ್ನೊಬ್ಬರು ಬೇಕು. ಹಾಗಾದರೆ ಯಾರು? ಮರುದಿನ ಬೆಳಗ್ಗೆ ಲೈಟನ್ನು ಚೀಲಕ್ಕೆ ಹಾಕಿಕೊಂಡು ಟಿ. ನಗರಕ್ಕೆ ಜಯಲಕ್ಷ್ಮೀ ಟೀಚರ್ ಮನೆಗೆ ಹೋದಳು. ಟೀಚರ್ ನಿವೃತ್ತಿಯಾದವರು, ಗಂಡನ ಕಾಲದ ಹೆರಾಲ್ಡ್ ಕಾರನ್ನು ಸ್ವತಃ ಓಡಿಸಿಕೊಂಡು ತರಕಾರಿಗೆ ಹೋಗುವ ಹೆಂಗಸು. ಆ ಹೆರಾಲ್ಡನ್ನೂ ಎರಡು ತಿಂಗಳ ಹಿಂದೆ ಇವಳೇ ಟ್ಯೂನ್ ಮಾಡಿದ್ದು. ಬಾನೆಟ್ ಎತ್ತಿದಳು. ಕೆಂಪು ಗೀರು ತುಂಡಾಗಿತ್ತು. ಗಾಳಿ ಹೀರುವ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ಲೈಟ್ ಹಿಡಿದರೆ ಹದಿನಾಲ್ಕು ಡಿಗ್ರಿ ತೋರಿಸಿತು.

ಯಾರು ಮುಟ್ಟಿದರು ಎಂದು ಕೇಳಿದ್ದಕ್ಕೆ ಟೀಚರ್ ಬೆರಗಾದರು. "ಬೇರೆ ಯಾರು ಮುಟ್ತಾರಮ್ಮ? ಮೇಸ್ತ್ರಿನೇ. ಕೊನೇಲಿ ಫ್ಲೈಓವರ್ ಟ್ರಯಲ್ ಕರಕೊಂಡು ಹೋದಾಗ ಕೆಳಗೆ ನಿಲ್ಸಿ ನಟ್ಟು ತಿರುವಿದ್ರಲ್ಲ. ಲೈಟೆಲ್ಲ ಸುಮ್ನೆ, ಕಿವಿ ಹೇಳ್ದಂಗೆ ಆಗ್ಬೇಕು ಅಂದ್ರು. ನಿಂಗೆ ತೆರಿಯಾದಾ?"

ತೆರಿಯಾದು. ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಮೂರು ವರ್ಷದ ಹಿಂದೆ ಅಪ್ಪ ಮಗಳು ಇದೇ ವಿಷಯಕ್ಕೆ ವಾರಗಟ್ಟಲೆ ಜಗಳವಾಡಿ, ಲೈಟ್ ಇಟ್ಟ ಮೇಲೆ ಕೈ ಹಾಕುವುದಿಲ್ಲ ಎಂದು ಅವನು ಅವ್ವನ ಎದುರು ಮಾತು ಕೊಟ್ಟಿದ್ದ. ಫ್ಲೈಓವರ್ ಟ್ರಯಲ್ ಬಿಡುವುದಿಲ್ಲ, ಅದು ನಲವತ್ತು ವರ್ಷದ ಸಂಪ್ರದಾಯ, ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತೇನೆ ಅಂದಿದ್ದ. ಅವಳು ಒಪ್ಪಿದ್ದಳು. ಮುದುಕನ ಆಸೆ, ಹೋಗಲಿ ಎಂದು.

ಆ ಸಂಪ್ರದಾಯವೇ ಅವನಿಗೆ ಹೆಸರು ತಂದದ್ದು. ರಾಣೆಬೆನ್ನೂರಿನಿಂದ ಬಂದ ಮುರುಗೆಪ್ಪ ಗಾಡಿಯನ್ನು ಟಾಪ್ ಗೇರಿನಲ್ಲಿ ಜೆಮಿನಿ ಫ್ಲೈಓವರಿನ ಏರಿಗೆ ಬಿಡುತ್ತಿದ್ದ. ಏರಿನ ಮಧ್ಯೆ ಆಕ್ಸಿಲರೇಟರ್ ಪೂರ್ತಿ ಒತ್ತುವುದು. ನಾಕಿಂಗ್ ಕೇಳಿಸದಿದ್ದರೆ ಕೆಳಗಿಳಿದು ಅಡ್ಜಸ್ಟರನ್ನು ನಾಲ್ಕು ಕಟಕಟ ಮುಂದಕ್ಕೆ ತಿರುವುವುದು, ಮತ್ತೆ ಏರುವುದು. ಸಣ್ಣಗೆ ಟಿಣ್ ಎಂದ ಕೂಡಲೇ ಇಳಿದು ಎರಡು ಕಟಕಟ ಹಿಂದಕ್ಕೆ. ಅಲ್ಲಿಗೆ ಮುಗಿಯಿತು. ಆ ಏರಿನಲ್ಲಿ ಅವನ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಲೈಟು ಬಂದ ಮೇಲೂ ಅವನ ಕಿವಿಗೂ ಅವಳ ಲೈಟಿಗೂ ಒಂದು ಡಿಗ್ರಿ ವ್ಯತ್ಯಾಸ ಬಂದರೆ ಹೆಚ್ಚು.

ಹಾಗಿದ್ದ ಕಿವಿ ಹದಿನಾಲ್ಕಕ್ಕೆ ಹೇಗೆ ಹೋಯಿತು? ಟೀಚರ್ ಮನೆಯ ಕಾಂಪೌಂಡಿನಲ್ಲಿ ನಿಂತು ಯೋಚಿಸುತ್ತಿದ್ದಾಗ ಅದು ಅವಳಿಗೆ ಹೊಳೆಯಿತು. ನಾಕಿಂಗ್ ಕೇಳಿಸುವವರೆಗೆ ಮುಂದಕ್ಕೆ ತಿರುವುತ್ತಾನೆ. ಕೇಳಿಸುವುದೇ ಇಲ್ಲ. ಅದಕ್ಕೇ ತಿರುವುತ್ತಲೇ ಇದ್ದಾನೆ.

ಹೆರಾಲ್ಡ್ ತರಕಾರಿ ಅಂಗಡಿ ದಾಟಿ ಎಲ್ಲೂ ಹೋಗುವುದಿಲ್ಲ, ಅದಕ್ಕೆ ಬದುಕಿಕೊಂಡಿತ್ತು. ರಘುರಾಮ ಬೆಟ್ಟ ಹತ್ತಿದ.

ಮನೆಗೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಗೆ ನುಗ್ಗಿದಳು. ಅವ್ವ ಸುಮಿತ್ರಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂಬುದು ನಿನಗೆ ಗೊತ್ತೇ ಎಂದು ಕೇಳಿದಳು. ಸುಮಿತ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ, ಮುಖ ಎತ್ತಲೂ ಇಲ್ಲ.

"ಮಾತೆಲ್ಲ ಕೇಳಸ್ತಾವ. ಕುಕ್ಕರ್ ಸೀಟಿ, ಫೋನಿನ ಗಂಟಿ, ಸಣ್ಣ ದನಿ ಕೇಳ್ಸಂಗಿಲ್ಲ. ಎರಡ ವರ್ಷ ಆತು. ನಿನಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

"ಅದಕ್ಕ ಮಗಳ ಹೆಸರ ಹಾಳಾದ್ರೂ ನಡೀತೈತಿ."

"ಗಂಡಸರ ಮರ್ಯಾದಿ, ರಂಜೂ."

"ನನಗ ಮರ್ಯಾದಿ ಇಲ್ಲೇನು?"

ಸುಮಿತ್ರಮ್ಮನ ಕೈ ಆಗ ನಿಂತಿತು. ಶಿವರಂಜನಿಗೆ ಆ ದಿನ ಯಾರ ಮೇಲೆ ಹೆಚ್ಚು ಸಿಟ್ಟು ಬಂತು ಎಂದು ಹೇಳುವುದು ಕಷ್ಟ. ಸುಳ್ಳು ಹೇಳಿದವನ ಮೇಲೋ, ಆ ಸುಳ್ಳಿಗೆ ಎರಡು ವರ್ಷ ರೊಟ್ಟಿ ಬಡಿದು ಹಾಕಿದವಳ ಮೇಲೋ. ತನ್ನ ಮೇಲೂ ಬಂತು. ದಿನವಿಡೀ ಪಕ್ಕದಲ್ಲಿ ಕೆಲಸ ಮಾಡುತ್ತಾ, ಕರೆದರೆ ತಿರುಗದ ಅಪ್ಪನನ್ನು ಮೊಂಡ ಎಂದುಕೊಂಡಳೇ ಹೊರತು ಕಿವುಡ ಎಂದುಕೊಳ್ಳಲಿಲ್ಲವಲ್ಲ.

ಮುಂದಿನ ಐದು ವಾರ ಅವಳು ರಘುರಾಮನ ಕಾರಿನ ಎಂಜಿನ್ ಬಿಚ್ಚಿ ಕಟ್ಟಿದಳು. ಹೊಸ ಪಿಸ್ಟನ್, ಹೊಸ ರಿಂಗು, ಬೋರ್ ಕೊರೆಸಿದ್ದು, ಹೆಡ್ ಮಟ್ಟ ಮಾಡಿಸಿದ್ದು, ಎಲ್ಲವೂ ಶೆಡ್ಡಿನ ಲೆಕ್ಕಕ್ಕೇ. ಸಂಜೆಗಳಲ್ಲಿ ಗುಂಪಿನವರ ಮನೆಗಳಿಗೆ ಹೋಗಿ, ಸುಮ್ಮನೆ ನೋಡಿ ಹೋಗಲು ಬಂದೆ ಎಂದು ಹೇಳಿ, ಐದು ಕಾರುಗಳ ನಟ್ಟನ್ನು ಅದರ ಜಾಗಕ್ಕೆ ತಂದಳು. ಎರಡು ಮನೆಯವರು ಗೇಟನ್ನೇ ತೆರೆಯಲಿಲ್ಲ. ಒಬ್ಬ, ಮೇಸ್ತ್ರಿಯನ್ನೇ ಕಳಿಸಮ್ಮ ಎಂದು ಗೇಟಿನ ಸಂದಿಯಿಂದ ಹೇಳಿದ. ಅಪ್ಪ ಮಾಡಿದ ಹೇಸಿಗೆ ತೊಳೆಯಲು ಹೋಗಿ ಅಪ್ಪನ ಹೆಸರಿನಿಂದಲೇ ಉಗಿಸಿಕೊಂಡು ಬರುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಅಪ್ಪನೊಡನೆ ಅವಳು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಅವನಿಗೂ ಇವಳಿಗೆ ತಿಳಿದಿದೆ ಎಂದು ತಿಳಿದಿತ್ತು, ಸುಮಿತ್ರಮ್ಮ ಹೇಳಿದ್ದಳು. ಅವನೇ ಬಂದು ಬಾಯಿ ಬಿಡಲಿ ಎಂದು ಇವಳು ಕಾದಳು. ಬಾಯಿ ಬಿಡುವ ಬದಲು ಅವನು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಗೋಡೆಗೆ ಜೋಡಿಸಿದ, ಮರುದಿನ ಮತ್ತೆ ಜೋಡಿಸಿದ.

ಎಂಜಿನ್ ಕಾರಿನೊಳಗೆ ಕೂತ ದಿನ ರಘುರಾಮ ಫೋನ್ ಮಾಡಿ ಒಂದು ಷರತ್ತು ಹಾಕಿದ. ಟೈಮಿಂಗನ್ನು ಮೇಸ್ತ್ರಿ ಸ್ವತಃ ಇಡಬೇಕು, ತನ್ನ ಕಣ್ಣ ಮುಂದೆ, ಹಳೇ ಪದ್ಧತಿಯಲ್ಲಿ, ಕಿವಿಯಿಂದ. ಭಾನುವಾರ ಬೆಳಗ್ಗೆ ಆರಕ್ಕೆ ಬರುತ್ತೇನೆ, ಫ್ಲೈಓವರಿಗೆ ಜೊತೆಯಲ್ಲೇ ಬರುತ್ತೇನೆ, ಸರಿಹೋದರೆ ಗುಂಪಿನವರಿಗೂ ಹಾಗೇ ಹೇಳುತ್ತೇನೆ ಎಂದ.

ಶನಿವಾರ ಸಂಜೆ ಶೆಡ್ಡಿನ ಬಾಗಿಲು ಎಳೆಯುವ ಹೊತ್ತಿಗೆ ಮುರುಗೆಪ್ಪ ಮಗಳ ಹತ್ತಿರ ಬಂದು ನಿಂತ. ಕೊನೆಗೂ ಬಾಯಿ ಬಿಡುತ್ತಾನೆ ಎಂದುಕೊಂಡಳು. ಬಿಟ್ಟ.

"ನಾಳೆ ನೀ ಹಿಂದಿನ ಸೀಟಿನ್ಯಾಗ ಕೂಡು," ಎಂದ, ನೆಲ ನೋಡುತ್ತಾ. "ಏರಿನ ಮ್ಯಾಲೆ ನಾಕಿಂಗ್ ಬಂದ ಕೂಡ್ಲೆ ಒಂದ್ಸಲ ಕೆಮ್ಮು. ಒಂದು ಕೆಮ್ಮು ಸಾಕು. ಉಳದಿದ್ದು ನಾ ನೋಡ್ಕೊಂತೀನಿ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಕೈಯಲ್ಲಿದ್ದ ಬೀಗವನ್ನು ನೆಲಕ್ಕೆ ಕುಕ್ಕಿದಳು. ಕಿವಿ ಇವಳದು, ಲೈಟು ಇವಳದು, ಎಂಜಿನ್ ಕಟ್ಟಿದ ಕೈ ಇವಳದು. ಕೆಟ್ಟರೆ ತಪ್ಪೂ ಇವಳದು. ಸರಿಹೋದರೆ ಮಾತ್ರ ಮೇಸ್ತ್ರಿಯ ಚಿನ್ನದ ಕೈ.

"ನಾ ಕೆಮ್ಮಂಗಿಲ್ಲ," ಎಂದಳು. ಅವನಿಗೆ ಕೇಳಿಸಲಿಲ್ಲವೇನೋ ಎಂದು ಅವನ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ, ಇನ್ನೊಮ್ಮೆ ಹೇಳಿದಳು. "ಗಾಡಿ ಒಡದು ಹೋಳಾದ್ರೂ ಕೆಮ್ಮಂಗಿಲ್ಲ. ಬೇಕಾದ್ರ ನೀನ ಅವರಿಗೆ ಖರೇ ಹೇಳು."

ಮುರುಗೆಪ್ಪ ನಕ್ಕ. ಸಿಟ್ಟು ಇಳಿದ ಮೇಲೆ ಕೆಮ್ಮುತ್ತಾಳೆ, ನನ್ನ ಮಗಳಲ್ಲವೇ, ಎನ್ನುವ ನಗು. ಆ ನಗುವನ್ನು ಅವಳು ರಾತ್ರಿಯಿಡೀ ಮರೆಯಲಿಲ್ಲ.

ಭಾನುವಾರ ಆರಕ್ಕೆ ರಘುರಾಮ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೇಸ್ತ್ರಿಗೆಂದು ಒಂದು ಡಬ್ಬಿ ಮೈಸೂರುಪಾಕು. ಶಿವರಂಜನಿಗೆ ಒಂದು ತಲೆಯಾಡಿಕೆ. ಅವಳು ಲೈಟಿನ ಚೀಲವನ್ನು ಡಿಕ್ಕಿಗೆ ಹಾಕಿ ಹಿಂದೆ ಕೂತಳು. ಮುರುಗೆಪ್ಪ ಸ್ಟೀರಿಂಗ್ ಹಿಡಿದ. ಬೆಳಗ್ಗೆ ಅವಳು ಆರು ಡಿಗ್ರಿಗೆ ಇಟ್ಟು ಕೆಂಪು ಗೀರು ಎಳೆದಿದ್ದಳು. ಹೊರಡುವ ಮುಂಚೆ ಅಪ್ಪ ಗಿರಾಕಿಗೆ ಕಾಣುವಂತೆ ಬಾನೆಟ್ ಎತ್ತಿ, ಹಾಡು ಶುರು ಮಾಡುವವನ ಗತ್ತಿನಲ್ಲಿ ಆ ನಟ್ಟನ್ನು ಆರು ಕಟಕಟ ಮುಂದಕ್ಕೆ ತಿರುವಿದ. ಗೀರು ಅವಳ ಕಣ್ಣೆದುರೇ ತುಂಡಾಯಿತು.

ಫ್ಲೈಓವರ್ ಆ ಹೊತ್ತಿಗೆ ಖಾಲಿ. ಹಾಲಿನ ವ್ಯಾನೊಂದು, ಎರಡು ಬಸ್ಸು. ಮುರುಗೆಪ್ಪ ಟಾಪ್ ಗೇರಿನಲ್ಲೇ ಏರಿಗೆ ಬಿಟ್ಟು, ನಡುವೆ ಕಾಲು ಒತ್ತಿದ. ಏರಿನ ತುದಿಯ ಹತ್ತಿರ ಶುರುವಾಯಿತು. ಟಿಣ್ ಟಿಣ್. ಬಹಳ ಸಣ್ಣಗೆ. ರಘುರಾಮನಿಗೆ ಗೊತ್ತಾಗಲಿಲ್ಲ, ಅವನು ಹಳೇ ಪದ್ಧತಿಯನ್ನು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ. ಅಪ್ಪನ ಕಣ್ಣು ಕನ್ನಡಿಯಲ್ಲಿ ಅವಳತ್ತ ಬಂತು. ಅವಳು ಆ ಕಣ್ಣನ್ನೇ ನೋಡುತ್ತಾ ಕೂತಳು. ಬಾಯಿ ಮುಚ್ಚಿತ್ತು.

ಕೆಮ್ಮು ಬರಲಿಲ್ಲ, ಆದ್ದರಿಂದ ನಾಕಿಂಗ್ ಬಂದಿಲ್ಲ ಎಂದು ಅವನು ತಿಳಿದ. ಕೆಳಗಿಳಿದು, ಪಕ್ಕಕ್ಕೆ ನಿಲ್ಲಿಸಿ, ಮತ್ತೆ ನಾಲ್ಕು ಕಟಕಟ. ಇನ್ನೂ ಸ್ವಲ್ಪ ಬೇಡುತ್ತಿದೆ ಗಾಡಿ ಎಂದು ರಘುರಾಮನಿಗೆ ವಿವರಿಸಿದ. ರಘುರಾಮ ಭಕ್ತಿಯಿಂದ ತಲೆದೂಗಿದ. ಹಿಂದಿನ ಸೀಟಿನಲ್ಲಿ ಶಿವರಂಜನಿ ಬೆರಳು ಬಿಗಿಹಿಡಿದಳು. ಐದು ವಾರ ಕಟ್ಟಿದ ಎಂಜಿನ್. ಆ ಪಿಸ್ಟನ್ನುಗಳನ್ನು ಒಂದೊಂದಾಗಿ ಎಣ್ಣೆ ಸವರಿ ಇಳಿಸಿದ್ದು ಇದೇ ಬೆರಳು. ಒಂದು ನಿಮಿಷದ ಏಟಿಗೆ ತೂತು ಬೀಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೆಮ್ಮುವುದು ಎಷ್ಟು ಸುಲಭ. ಕೆಮ್ಮಿದರೆ ಎಂಜಿನ್ ಉಳಿಯುತ್ತದೆ, ಅಪ್ಪ ಉಳಿಯುತ್ತಾನೆ, ಹದಿನೆಂಟು ಕಾರುಗಳೂ ಪೊಂಗಲ್‌ಗೆ ಬರುತ್ತವೆ. ಅವಳೊಬ್ಬಳು ಜೀವನಪೂರ್ತಿ ಹಿಂದಿನ ಸೀಟಿನಲ್ಲಿ ಕೂತು ಕೆಮ್ಮುತ್ತಿರಬೇಕು.

ಎರಡನೇ ಏರು. ಈ ಸಲ ನಡುವಿಗೆ ಬರುವ ಮೊದಲೇ ಹಿಡಿದುಕೊಂಡಿತು. ಟಿಣಿಟಿಣಿ ಹೋಗಿ ಕಟಕಟ ಆಯಿತು, ಕಟಕಟ ಹೋಗಿ ಡಬ್ಬದಲ್ಲಿ ಕಲ್ಲು ತುಂಬಿ ಅಲುಗಾಡಿಸಿದಂತೆ ಆಯಿತು. ರಘುರಾಮ ಫೋನ್ ಕೆಳಗಿಟ್ಟ. ಯಲಗಿರಿಯಲ್ಲಿ ಕಿಟಕಿ ಏರಿಸಿ ಹಾಡು ಹಾಕಿಕೊಂಡು ಹೋಗುವಾಗ ತಾನು ಲೆಕ್ಕಿಸದ ಸದ್ದು ಇದೇ ಎಂದು ಅವನಿಗೆ ಆಗ ನೆನಪಾಗಿರಬೇಕು, ಮುಖ ಬಿಳಚಿಕೊಂಡಿತು. ಮುರುಗೆಪ್ಪ ಮಾತ್ರ ಕತ್ತು ತುಸು ವಾಲಿಸಿ, ನಲವತ್ತು ವರ್ಷ ಕೇಳಿದ ಹಾಗೆಯೇ ಕೇಳುತ್ತಾ, ಕಾಲು ಪೂರ್ತಿ ಒತ್ತಿಕೊಂಡೇ ಇದ್ದ. ಕನ್ನಡಿಯಲ್ಲಿ ಮಗಳನ್ನು ನೋಡಿದ. ಅವಳ ಕಣ್ಣಲ್ಲಿ ನೀರಿತ್ತು, ಬಾಯಿ ಮುಚ್ಚಿಯೇ ಇತ್ತು. ಆಮೇಲೆ ಪಕ್ಕಕ್ಕೆ ನೋಡಿದ. ಗಿರಾಕಿ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಬಾನೆಟ್ಟನ್ನೇ ದಿಟ್ಟಿಸುತ್ತಿದ್ದ.

ಕಾರಿನಲ್ಲಿದ್ದ ಎಲ್ಲರಿಗೂ ಕೇಳಿಸುತ್ತಿದೆ, ತನಗೊಬ್ಬನಿಗೆ ಇಲ್ಲ, ಎಂಬುದು ಮುರುಗೆಪ್ಪನಿಗೆ ಆ ಮುಖದಿಂದ ತಿಳಿಯಿತು. ಕಾಲು ತೆಗೆದ.

ಇಳಿಜಾರಿನ ಕೊನೆಯಲ್ಲಿ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಕೂತ. ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ನನಗ ಕೇಳ್ಸಂಗಿಲ್ರಿ," ಎಂದ ಮುರುಗೆಪ್ಪ. "ಈ ಸದ್ದು ನನ್ನ ಕಿವಿಗೆ ಬೀಳೂದ ನಿಂತು ಎರಡ ವರ್ಷ ಆತು. ಆಗ ನಿಮ್ಮ ಗಾಡಿ ಟ್ರಯಲ್ ಮಾಡಿದಾಗನೂ ಕೇಳಿಸಿರಲಿಲ್ಲ. ಈಕಿ ಸರಿ ಇಟ್ಟಿದ್ಲು. ಮ್ಯಾಲೆ ನಾ ತಿರುವಿದೆ. ನಿಮ್ಮ ಎಂಜಿನ್ ಒಡದಾಂವ ನಾ, ಈಕಿ ಅಲ್ಲ."

ಆಮೇಲೆ, ಇನ್ನೂ ಏನೋ ಬಾಕಿ ಇದೆ ಎಂಬಂತೆ, "ಕಲಿಯಾಕ ಹತ್ಯಾಳ ಅಂದೆ ನೋಡ್ರಿ ಅವತ್ತು, ಅದೂ ಸುಳ್ಳು," ಎಂದ.

ಶಿವರಂಜನಿ ಇಳಿದು ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದಳು. ಐದು ವಾರ ಮುಂಚೆ ಬರಬೇಕಿದ್ದ ಮಾತು. ಇಷ್ಟು ಹೇಳಿಸಲು ಅವಳು ತನ್ನ ಕೈಯಾರೆ ಕಟ್ಟಿದ ಎಂಜಿನ್ನಿಗೆ ಏಟು ತಿನ್ನಿಸಬೇಕಾಯಿತು. ಡಿಕ್ಕಿಯಿಂದ ಚೀಲ ತೆಗೆದಳು. ಪೈಪ್ ಕಳಚಿ ಅದರ ಬಾಯಿಗೆ ಸಣ್ಣ ಸ್ಕ್ರೂ ತುರುಕಿ, ಬ್ಯಾಟರಿಗೆ ತಂತಿ ಸಿಕ್ಕಿಸಿ, ಎಂಜಿನ್ ಹಚ್ಚಲು ಸನ್ನೆ ಮಾಡಿದಳು. ಮುರುಗೆಪ್ಪ ಹಚ್ಚಿದ. ಲೈಟು ಪುಲ್ಲಿಯ ಮೇಲೆ ಮಿಣಮಿಣ ಬಡಿಯಿತು. ಅಪ್ಪ ತಿರುವಿದ ಹತ್ತನ್ನೂ ಒಂದೊಂದಾಗಿ ಹಿಂದಕ್ಕೆ ತಂದಳು. ಪುಲ್ಲಿಯ ಗೀರು ಆರರ ಎದುರು ನಿಂತಿತು. ಸ್ಕ್ರೂ ತೆಗೆದು ಪೈಪ್ ಸೇರಿಸಿ, ಉಗುರುಬಣ್ಣದ ಸೀಸೆ ತೆರೆದು, ಹಳೇ ಗೀರಿನ ಮೇಲೆ ಹೊಸದೊಂದನ್ನು ಎಳೆದಳು. ರಘುರಾಮ ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡಿದ. ಕ್ಷಮೆ ಕೇಳಬೇಕು ಎನ್ನುವುದು ಮುಖದಲ್ಲಿ ಕಾಣುತ್ತಿತ್ತು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಅಂಗಿಯ ತೋಳು ಮಡಿಸುತ್ತಿದ್ದ. ಕೊನೆಗೆ ಅಭ್ಯಾಸಬಲದಿಂದ ಸ್ಟೀರಿಂಗಿನತ್ತ ತಿರುಗಿ ಕೇಳಿಯೇಬಿಟ್ಟ.

"ಈಗ ಸರಿಹೋಯ್ತಾ, ಮೇಸ್ತ್ರಿ?"

ಮುರುಗೆಪ್ಪನಿಗೆ ಅವತ್ತು ಮೊದಲ ಸಲ ಸಿಟ್ಟು ಬಂತು. "ನನ್ನ ಯಾಕ ಕೇಳ್ತೀರಿ?" ಎಂದು ಗದರಿದ. "ಮೇಸ್ತ್ರಿ ಅಲ್ಲಿ ನಿಂತಾಳ. ಆಕೀನ್ನ ಕೇಳ್ರಿ."

ಹೇಳಿ, ಕೆಳಗಿಳಿದು, ಹಿಂದಿನ ಬಾಗಿಲು ತೆಗೆದು, ಮಗಳು ಕೂತಿದ್ದ ಜಾಗದಲ್ಲಿ ಕೂತ.

ಮೂರನೇ ಏರಿಗೆ ಅವಳು ಓಡಿಸಿದಳು. ಟಾಪ್ ಗೇರ್, ಏರಿನ ನಡುವೆ ಕಾಲು ಪೂರ್ತಿ. ಎಂಜಿನ್ ಭಾರ ಹೊತ್ತ ದನಿಯಲ್ಲಿ ಗುಡುಗುತ್ತಾ ಏರಿತು. ಅದರ ಮೇಲೆ ಬೇರೆ ಯಾವ ಸದ್ದೂ ಇರಲಿಲ್ಲ. ರಘುರಾಮ ಉಸಿರು ಹಿಡಿದು ಕೂತಿದ್ದ. ಕನ್ನಡಿಯಲ್ಲಿ ಅಪ್ಪ ಮುಂದಕ್ಕೆ ಬಾಗಿ, ಎರಡು ಸೀಟಿನ ನಡುವೆ ಮುಖ ತಂದು, ಅವಳ ಬಾಯನ್ನೇ ನೋಡುತ್ತಿದ್ದ.

"ಕೇಳಸ್ತೈತೇನು?" ಎಂದು ಕೇಳಿದ.

ಅವಳ ಸಿಟ್ಟು ಇಳಿದಿರಲಿಲ್ಲ. ಇನ್ನೂ ಬಹಳ ದಿನ ಇಳಿಯುವ ಹಾಗೂ ಇರಲಿಲ್ಲ. ಮನೆಗೆ ಹೋಗಿ ಅವ್ವನೊಡನೆ ಮಾತಾಡುವುದಿತ್ತು, ರಘುರಾಮನಿಂದ ಗುಂಪಿಗೆ ಬರೆಸುವುದಿತ್ತು, ಗೇಟು ತೆರೆಯದ ಎರಡು ಮನೆಗಳಿಗೆ ಈ ಅಪ್ಪನನ್ನೇ ಮುಂದೆ ನಿಲ್ಲಿಸಿಕೊಂಡು ಹೋಗುವುದಿತ್ತು. ಆದರೆ ಗಾಡಿಯ ಬಗ್ಗೆ ಕೇಳಿದವರಿಗೆ ಮೇಸ್ತ್ರಿ ಉತ್ತರ ಹೇಳಬೇಕಾಗುತ್ತದೆ.

"ಇಲ್ಲ," ಎಂದಳು, ಅವನಿಗೆ ಕೇಳಿಸುವಷ್ಟು ಜೋರಾಗಿ.